ಹವ್ಯಾಸಿ ಬಿಜಿಎಂಐ ತಂಡಕ್ಕೆ ಯಾವ ಟೂರ್ನಿ ಸೂಕ್ತ? ಆಡಿ ನೋಡಿದ ಮೂರರ ವಿಮರ್ಶೆ

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬುದು ಹಲವು ತಂಡಗಳು ಒಂದೇ ನಕ್ಷೆಯಲ್ಲಿ ಇಳಿದು ಕೊನೆಯವರೆಗೆ ಉಳಿಯಲು ಹೋರಾಡುವ ಮೊಬೈಲ್ ಆಟ. ನನ್ನ ತಮ್ಮ ಹಾಗೂ ಅವನ ಮೂವರು ಸಹಪಾಠಿಗಳು ಕಟ್ಟಿಕೊಂಡಿರುವ ಬಿಜಿಎಂಐ ತಂಡದ ನೋಂದಣಿ, ವೇಳಾಪಟ್ಟಿ, ಖರ್ಚಿನ ಲೆಕ್ಕವನ್ನು ಒಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಟೂರ್ನಿಯನ್ನು ಬಹುಮಾನದ ಮೊತ್ತ ನೋಡಿ ಆರಿಸಬಾರದು, ಸೋತರೂ ಎಷ್ಟು ಪಂದ್ಯ ಆಡಲು ಸಿಗುತ್ತದೆ ಎಂಬುದನ್ನು ನೋಡಿ ಆರಿಸಬೇಕು ಎಂಬುದು ಈ ಅವಧಿಯಲ್ಲಿ ನನಗೆ ಮನವರಿಕೆಯಾಗಿದೆ.

ಮೊದಲು ಸೇರಿದ್ದು 50,000 ರೂಪಾಯಿ ಬಹುಮಾನ ಘೋಷಿಸಿದ್ದ ವಾರಾಂತ್ಯದ ಆನ್‌ಲೈನ್ ಟೂರ್ನಿಗೆ. ತಂಡವೊಂದಕ್ಕೆ 400 ರೂಪಾಯಿ ಶುಲ್ಕ. ಒಂದು ರೂಮ್‌ನಲ್ಲಿ (ಪಂದ್ಯಕ್ಕಾಗಿ ಆಟದೊಳಗೆ ತೆರೆಯುವ ಖಾಸಗಿ ಕೊಠಡಿ) 16 ತಂಡ, ಎರಡೇ ಪಂದ್ಯ, ಮೊದಲ ನಾಲ್ಕು ತಂಡಗಳಿಗೆ ಮಾತ್ರ ಮುಂದಿನ ಸುತ್ತು. ರೂಮ್ ಐಡಿ ಮತ್ತು ಪಾಸ್‌ವರ್ಡ್ ಬಂದದ್ದೇ 40 ನಿಮಿಷ ತಡವಾಗಿ. ಮೊದಲ ಪಂದ್ಯದಲ್ಲಿ ಝೋನ್ (ಆಟಗಾರರು ಒಳಗಿರಲೇಬೇಕಾದ, ಕುಗ್ಗುತ್ತಾ ಹೋಗುವ ಸುರಕ್ಷಿತ ವಲಯ) ನದಿಯಾಚೆಗೆ ಸರಿದು, ಸೇತುವೆ ದಾಟುವಾಗಲೇ ನಾಲ್ವರೂ ಸತ್ತರು. ಎರಡನೆಯದರಲ್ಲಿ ಒಂಬತ್ತನೇ ಸ್ಥಾನ. ಅಲ್ಲಿಗೆ ಮುಗಿಯಿತು. ಎದುರಾಳಿಯೊಬ್ಬರು ಟ್ಯಾಬ್ಲೆಟ್‌ನಲ್ಲಿ ಆಡುತ್ತಿದ್ದಾರೆ ಎಂದು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ದೂರಿದೆವು, ಆದರೆ ಯಾವ ಸಾಧನಕ್ಕೆ ಅವಕಾಶವಿದೆ ಎಂಬ ಲಿಖಿತ ನಿಯಮವೇ ಇಲ್ಲದಿದ್ದುದರಿಂದ ಆ ದೂರಿಗೆ ಆಧಾರವೇ ಇರಲಿಲ್ಲ.

ಈ ಆಟದಲ್ಲಿ ಪಂದ್ಯಗಳ ಸಂಖ್ಯೆ ಇಷ್ಟು ಮುಖ್ಯವಾಗಲು ಕಾರಣವಿದೆ. ಈಗ ಬಳಕೆಯಲ್ಲಿರುವ ಅಂಕ ಪದ್ಧತಿಯಲ್ಲಿ ಗೆದ್ದ ತಂಡಕ್ಕೆ 10, ಎರಡನೆಯದಕ್ಕೆ 6, ಮೂರನೆಯದಕ್ಕೆ 5 ಹೀಗೆ ಇಳಿಯುತ್ತಾ ಎಂಟನೇ ಸ್ಥಾನಕ್ಕೆ 1 ಅಂಕ, ಜೊತೆಗೆ ಪ್ರತಿ ಕಿಲ್‌ಗೆ (ಎದುರಾಳಿಯೊಬ್ಬನನ್ನು ಆಟದಲ್ಲಿ ಕೊಂದದ್ದಕ್ಕೆ) 1 ಅಂಕ ದೊರೆಯುತ್ತದೆ. ಝೋನ್ ಎತ್ತ ಸರಿಯುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಎರಡು ಪಂದ್ಯಗಳಲ್ಲಿ ಅದೃಷ್ಟವೇ ಫಲಿತಾಂಶ ನಿರ್ಧರಿಸಬಹುದು, ಇಪ್ಪತ್ತು ಮೂವತ್ತು ಪಂದ್ಯಗಳಾದಾಗ ಮಾತ್ರ ತಂಡದ ನಿಜವಾದ ಬಲ ಅಂಕಪಟ್ಟಿಯಲ್ಲಿ ಕಾಣುತ್ತದೆ.

ಎರಡನೆಯದು ಮೂರು ವಾರಗಳ ಸಣ್ಣ ಲೀಗ್. ಶುಲ್ಕ 150 ರೂಪಾಯಿ, ಒಟ್ಟು ಬಹುಮಾನ 8,000 ಮಾತ್ರ. ಆದರೆ ವಾರಕ್ಕೆ ಮೂರು ರಾತ್ರಿ, ರಾತ್ರಿಗೆ ನಾಲ್ಕರಂತೆ 36 ಪಂದ್ಯಗಳು ಖಚಿತ. ಸ್ಲಾಟ್ ಪಟ್ಟಿ (ರೂಮ್‌ನಲ್ಲಿ ಯಾವ ತಂಡಕ್ಕೆ ಯಾವ ಜಾಗ ಎಂಬ ಪಟ್ಟಿ) ಹಿಂದಿನ ದಿನವೇ ಬರುತ್ತಿತ್ತು, ಅಂಕಪಟ್ಟಿ ಅದೇ ರಾತ್ರಿ. ಆಟದ ಎರಾಂಗೆಲ್ ನಕ್ಷೆಯಲ್ಲಿ ನಾವು ಇಳಿಯುತ್ತಿದ್ದ ಪೊಚಿಂಕಿ ಊರಿನಲ್ಲೇ ಇನ್ನೊಂದು ತಂಡವೂ ಇಳಿಯುತ್ತಿದ್ದುದರಿಂದ ಮೊದಲ ವಾರ ಪ್ರತಿದಿನ ಸೋತು, ಎರಡನೇ ವಾರ ಇಳಿಯುವ ಜಾಗ ಬದಲಿಸಿ, ಮೂರನೇ ವಾರ ಎರಡು ಪಂದ್ಯ ಗೆದ್ದರು. ಈ ಕಲಿಕೆ ವಾರಾಂತ್ಯದ ಟೂರ್ನಿಯಲ್ಲಿ ಸಾಧ್ಯವೇ ಇರಲಿಲ್ಲ. ಕೊರತೆಯೊಂದಿದೆ: ರಾತ್ರಿ 10ಕ್ಕೆ ಆರಂಭವಾಗಿ ಮುಗಿಯುವಾಗ ಹನ್ನೆರಡು ದಾಟುತ್ತಿತ್ತು, ಬೆಳಿಗ್ಗೆ ಕಾಲೇಜಿಗೆ ಹೋಗುವವರಿಗೆ ಇದು ಕಷ್ಟ.

ಮೂರನೆಯದು ಈ ಆಟದ ಕಂಪನಿ ಕ್ರಾಫ್ಟನ್ ದೇಶಮಟ್ಟದಲ್ಲಿ ನಡೆಸುವ ಬಿಜಿಐಎಸ್ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಸೀರೀಸ್). 2024ರಲ್ಲಿ ಇದರ ಬಹುಮಾನ 2 ಕೋಟಿ ರೂಪಾಯಿ, ಅಂತಿಮ ಹಂತ ನಡೆದದ್ದು ಹೈದರಾಬಾದಿನಲ್ಲಿ. ನೋಂದಣಿಗೆ ಶುಲ್ಕವಿಲ್ಲ, ನಿಯಮಾವಳಿ ಲಿಖಿತವಾಗಿದೆ, ಹವ್ಯಾಸಿಗಳಿಗೂ ಬಾಗಿಲು ತೆರೆದಿದೆ. ನಾವು ಆರಂಭದ ಹಂತದಲ್ಲೇ ಹೊರಬಿದ್ದೆವು, ಬೇಸರವೇನಿಲ್ಲ. ದೇಶದ ಮಟ್ಟ ಎಲ್ಲಿದೆ ಎಂಬುದು ತಿಳಿಯಿತು. ಎಲ್ಲ ತಂಡಗಳೂ ಹೆಸರು ಕೊಡಲಿ, ಆದರೆ ವರ್ಷದ ಅಭ್ಯಾಸವನ್ನೆಲ್ಲ ಇದೊಂದನ್ನೇ ನಂಬಿ ಯೋಜಿಸುವುದು ಬೇಡ.

ಶುಲ್ಕದ ಬಗ್ಗೆ ಪೋಷಕರಿಗೊಂದು ಮಾತು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಪ್ರಕಾರ ಇ-ಸ್ಪೋರ್ಟ್ಸ್‌ನಲ್ಲಿ (ಇಂಥ ವಿಡಿಯೊ ಗೇಮ್ ಸ್ಪರ್ಧೆಗಳಲ್ಲಿ) ಪ್ರವೇಶ ಶುಲ್ಕಕ್ಕೆ ಅವಕಾಶವಿರುವುದು ಸ್ಪರ್ಧೆಗೆ ಸೇರಲು ಅಥವಾ ಅದರ ಆಡಳಿತ ವೆಚ್ಚಕ್ಕೆ ಮಾತ್ರ; ಪಣ, ಬಾಜಿಗೆ ಇಲ್ಲ. ಕಿಲ್‌ಗೆ ಇಷ್ಟು ರೂಪಾಯಿ ಎಂದು ಮಕ್ಕಳಿಂದ ಪಣ ಕಟ್ಟಿಸುವ ರೂಮ್‌ಗಳಿಂದ ದಯವಿಟ್ಟು ಅವರನ್ನು ದೂರವಿಡಿ.

ನಮ್ಮ ತಂಡ ಮುಂದಿನ ಬಾರಿಯೂ ಆ ಸಣ್ಣ ಲೀಗನ್ನೇ ಸೇರಲಿದೆ. ಪಂದ್ಯಗಳನ್ನು ರಾತ್ರಿ 8ಕ್ಕೆ ಆರಂಭಿಸುವಂತೆ ಆಯೋಜಕರಿಗೆ ಈಗಾಗಲೇ ಬರೆದು ಕೇಳಿದ್ದೇನೆ.