ಕಣ್ಣಿನ ಸುತ್ತಲ ಸುಕ್ಕಿಗೆ ನಾಲ್ಕು ಚಿಕಿತ್ಸೆ: ಮೂರು ವರ್ಷದ ನನ್ನ ಹೋಲಿಕೆ

ಬಳ್ಳಾರಿಯ ಬಿಸಿಲಿನಲ್ಲಿ 22 ವರ್ಷ ಸ್ಕೂಟರಿನಲ್ಲಿ ಶಾಲೆಗೆ ಓಡಾಡಿದ ನನಗೆ, 49ನೆಯ ವಯಸ್ಸಿನಲ್ಲಿ, ಬೆಳಿಗ್ಗೆ ಹಚ್ಚಿದ ಕಾಡಿಗೆ ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಕಣ್ಣಡಿಯ ಗೆರೆಗಳಿಗೆ ಇಳಿದು ಕೂರತೊಡಗಿದಾಗ, ಚರ್ಮದ ಡಾಕ್ಟರ ಬಳಿ ಹೋಗಬೇಕೆನ್ನಿಸಿತು. ಅಲ್ಲಿಂದ ಮೂರು ವರ್ಷಗಳಲ್ಲಿ ಟ್ರೆಟಿನಾಯಿನ್ ಕ್ರೀಮ್, ಲೇಸರ್, ಸ್ನಾಯುವನ್ನು ಕೆಲಕಾಲ ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು, ನಮ್ಮದೇ ರಕ್ತದಿಂದ ಮಾಡುವ ಪಿಆರ್‌ಪಿ ನಾಲ್ಕನ್ನೂ ಒಂದಾದ ಮೇಲೊಂದರಂತೆ ಮಾಡಿಸಿಕೊಂಡಿದ್ದೇನೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ 8 ಗಂಟೆಗೆ, ಅಡುಗೆಮನೆಯ ಅದೇ ಕಿಟಕಿಯ ಬೆಳಕಿನಲ್ಲಿ, ನಕ್ಕು ಒಂದು, ನಗದೆ ಒಂದು ಫೋಟೋ ತೆಗೆದಿಟ್ಟಿದ್ದರಿಂದ ಈ ಹೋಲಿಕೆಗೆ ಬರಿಯ ನೆನಪನ್ನು ನಂಬಬೇಕಾಗಿಲ್ಲ.

ಎರಡು ಫೋಟೋ ಏಕೆಂದರೆ, ಕಣ್ಣಿನ ಸುತ್ತಲಿನ ಸುಕ್ಕೆಲ್ಲ ಒಂದೇ ಜಾತಿಯದಲ್ಲ. ನಕ್ಕಾಗ ಕಣ್ಣಿನ ಹೊರತುದಿಯಲ್ಲಿ ಬೀಸಣಿಗೆಯಂತೆ ಹರಡುವ ಗೆರೆಗಳು ಕಣ್ಣನ್ನು ಸುತ್ತುವರಿದ ಸ್ನಾಯು ಮುದುಡುವುದರಿಂದ ಬರುತ್ತವೆ. ಮುಖ ಸುಮ್ಮನಿದ್ದಾಗಲೂ ಉಳಿಯುವ ಕಣ್ಣಡಿಯ ಸಣ್ಣ ನೆರಿಗೆಗಳು, ವಯಸ್ಸಿಗೂ ಬಿಸಿಲಿಗೂ ಕೊಲಾಜನ್ (ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನು) ಸವೆದ ಚರ್ಮದವು. ರೆಪ್ಪೆಯ ಚರ್ಮವಂತೂ ಸುಮಾರು ಅರ್ಧ ಮಿಲಿಮೀಟರಿನಷ್ಟೇ ದಪ್ಪವಿದ್ದು, ಇಡೀ ಮೈಯಲ್ಲಿ ಅತಿ ತೆಳುವಾದದ್ದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಹಿಡಿದದ್ದು ಟ್ರೆಟಿನಾಯಿನ್. 1971ರಲ್ಲಿ ಅಮೆರಿಕದಲ್ಲಿ ಮೊಡವೆಗೆಂದು ಒಪ್ಪಿಗೆ ಪಡೆದ ಈ ಮದ್ದು ಬಿಸಿಲಿಗೆ ಹಾಳಾದ ಚರ್ಮವನ್ನೂ ಸುಧಾರಿಸುತ್ತದೆ ಎಂಬುದು ಆಮೇಲೆ ತಿಳಿದದ್ದು. ಡಾಕ್ಟರು ಬರೆದುಕೊಟ್ಟದ್ದು 0.025 ಶೇಕಡದ ಟ್ಯೂಬು: ವಾರಕ್ಕೆ ಎರಡು ರಾತ್ರಿ, ಮಾಯಿಶ್ಚರೈಸರ್ ಹಚ್ಚಿದ ಮೇಲೆ, ಒಂದೊಂದು ಕಣ್ಣಿಗೆ ಅಕ್ಕಿಕಾಳಿನಷ್ಟು, ಅದೂ ರೆಪ್ಪೆಯನ್ನು ಬಿಟ್ಟು ಕಣ್ಣಿನ ಕೆಳಗೆ ಬೆರಳಿಗೆ ತಾಕುವ ಮೂಳೆಯ ಮೇಲೆ ಮಾತ್ರ. ಮೊದಲ ತಿಂಗಳು ಚರ್ಮ ಸುಲಿದು ಉರಿಯಿತು. ನಾಲ್ಕನೆಯ ತಿಂಗಳವರೆಗೂ ಫೋಟೋದಲ್ಲಿ ಏನೂ ಕಾಣಲಿಲ್ಲ. ಏಳನೆಯ ತಿಂಗಳಿನ ನಗದ ಫೋಟೋದಲ್ಲಿ ನೆರಿಗೆಗಳು ನಿಜಕ್ಕೂ ತೆಳುವಾಗಿದ್ದವು. ನಗುವಿನ ಗೆರೆಗಳು ಮಾತ್ರ ಇದ್ದಂತೆಯೇ ಇದ್ದವು. ಬಸುರಿಯರು ಇದನ್ನು ಮುಟ್ಟಬಾರದು, ಹಗಲು ಸನ್‌ಸ್ಕ್ರೀನ್ ಹಚ್ಚುವುದನ್ನು ಯಾರೂ ತಪ್ಪಿಸಬಾರದು.

ಇನ್ನೂ ಬೇಗ ಫಲ ಬೇಕೆನ್ನಿಸಿ ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಏಪ್ರಿಲ್ ಕೊನೆಯಲ್ಲಿ ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿಸಿಕೊಂಡೆ. ಚರ್ಮದಲ್ಲಿ ಸೂಜಿಮೊನೆಯಂಥ ಸಾವಿರಾರು ಸುಟ್ಟ ಬಿಂದುಗಳನ್ನು ಮಾಡಿ, ಅವು ಮಾಯುವಾಗ ಹೊಸ ಕೊಲಾಜನ್ ಹುಟ್ಟುವಂತೆ ಮಾಡುವುದು ಇದರ ಬಗೆ. ಐದು ದಿನ ಕಣ್ಣಡಿಯಲ್ಲೆಲ್ಲ ಕಾಫಿಪುಡಿ ಚೆಲ್ಲಿದಂಥ ಕಂದು ಚುಕ್ಕೆಗಳಿದ್ದು ಉದುರಿದವು. ಒಳಗಿನ ಚರ್ಮ ನಯವಾಗಿತ್ತು, ನೆರಿಗೆ ಅರ್ಧಕ್ಕರ್ಧ ಇಳಿದಿತ್ತು. ಆದರೆ ಮೂರನೆಯ ವಾರ ಅದೇ ಜಾಗ ಬೂದುಗಂದು ಬಣ್ಣಕ್ಕೆ ತಿರುಗಿತು. ನಮ್ಮಂಥ ಗೋಧಿಬಣ್ಣದ, ಕಂದುಬಣ್ಣದ ಚರ್ಮಕ್ಕೆ ಶಾಖ ತಗುಲಿದರೆ ಹೀಗೆ ಕಪ್ಪಾಗುವ ಸಂಭವ ಹೆಚ್ಚೆಂಬುದು ಚರ್ಮದ ಡಾಕ್ಟರಿಗೆಲ್ಲ ಗೊತ್ತಿರುವ ಸಂಗತಿ. ಆ ಕ್ಲಿನಿಕ್ಕಿನಲ್ಲಿ ಯಾರೂ ನಾನಿರುವ ಊರನ್ನಾಗಲಿ, ದಿನಕ್ಕೆ ಎಷ್ಟು ಹೊತ್ತು ಬಿಸಿಲಿನಲ್ಲಿರುತ್ತೇನೆ ಎಂಬುದನ್ನಾಗಲಿ ಕೇಳಲಿಲ್ಲ. ಬೇಸಿಗೆ ಕಳೆಯಲಿ ಎಂದೂ ಹೇಳಲಿಲ್ಲ. ಕಪ್ಪು ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಈ ನೋವು ನನಗಿನ್ನೂ ಇದೆ, ಏಕೆಂದರೆ ಅದನ್ನು ಎರಡು ಪ್ರಶ್ನೆಗಳಿಂದ ತಪ್ಪಿಸಬಹುದಿತ್ತು.

ಬೊಟಾಕ್ಸ್ ಬಗ್ಗೆ ನನಗಿದ್ದ ಅಂಜಿಕೆ ಅದರ ಚರಿತ್ರೆ ತಿಳಿದ ಮೇಲೆ ಕಡಿಮೆಯಾಯಿತು. 1989ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ಅದುರುವ ಕಾಯಿಲೆಗೆ; ಅಂಥ ರೋಗಿಗಳ ಹುಬ್ಬಿನ ನಡುವಿನ ಗೆರೆ ಮಾಯವಾಗುವುದನ್ನು ಕೆನಡಾದ ಕಣ್ಣಿನ ವೈದ್ಯೆ ಜೀನ್ ಕರೂದರ್ಸ್ ಗಮನಿಸಿದ್ದರಿಂದ ಅದು ಸೌಂದರ್ಯ ಚಿಕಿತ್ಸೆಗೆ ಬಂತು. ಕಣ್ಣಿನ ತುದಿಯ ಗೆರೆಗಳಿಗೆಂದು ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. "ಜೋರಾಗಿ ನಗಿ ಮೇಡಂ" ಎಂದು ಡಾಕ್ಟರು ಗೆರೆ ಎದ್ದಲ್ಲಿ ಬಿಳಿ ಪೆನ್ಸಿಲ್ಲಿನಿಂದ ಮೂರು ಮೂರು ಚುಕ್ಕೆ ಇಟ್ಟು, ಐಸ್ ಒತ್ತಿ, ಒಂದೊಂದು ಬದಿಗೆ 12 ಯೂನಿಟ್ ಚುಚ್ಚಿದರು. ನಾಲ್ಕು ಗಂಟೆ ಮಲಗಬಾರದು, ಕಣ್ಣುಜ್ಜಬಾರದು ಎಂದರು. ನಾಲ್ಕನೆಯ ದಿನ ಬದಲಾವಣೆ ಶುರುವಾಗಿ, ಎರಡು ವಾರಕ್ಕೆ ನಗುವಿನ ಫೋಟೋದಲ್ಲಿ ಬೀಸಣಿಗೆ ಮುಚ್ಚಿಕೊಂಡಿತ್ತು. ಯೂನಿಟ್ಟಿಗೆ 350 ರೂಪಾಯಿಯಂತೆ ಒಟ್ಟು 8,400 ರೂಪಾಯಿ ತೆತ್ತೆ. ಫಲ ನಿಂತದ್ದು ಮೂರೂವರೆ ತಿಂಗಳು. ಕಣ್ಣಡಿಯ ನೆರಿಗೆಗೆ ಇದರಿಂದ ಏನೂ ಆಗಲಿಲ್ಲ.

ನಮ್ಮದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಭಾಗವನ್ನು ಕಣ್ಣಡಿಗೆ ಚುಚ್ಚುವ ಪಿಆರ್‌ಪಿ ಮೂರು ಸಲ ಆಯಿತು, 15,000 ರೂಪಾಯಿ ಹೋಯಿತು. ಮೊದಲಿನ ಮತ್ತು ಕೊನೆಯ ಫೋಟೋಗಳನ್ನು ತಂಗಿಯ ಮುಂದಿಟ್ಟು ಯಾವುದು ಯಾವಾಗಿನದು ಎಂದು ಕೇಳಿದರೆ ಅವಳು ತಿರುಗುಮುರುಗು ಹೇಳಿದಳು. ನಾನಂತೂ ಮತ್ತೆ ಮಾಡಿಸುವುದಿಲ್ಲ.

ಈಗ ಉಳಿಸಿಕೊಂಡಿರುವುದು ಟ್ರೆಟಿನಾಯಿನ್ ಮತ್ತು ಸನ್‌ಸ್ಕ್ರೀನ್, ವರ್ಷಕ್ಕೆ ಎರಡು ಸಲ ಬೊಟಾಕ್ಸ್. ಅಮ್ಮನಿಂದ ಬಂದ ಕಣ್ಣಡಿಯ ಗುಳಿಗೆ ಈ ಯಾವುದೂ ತಾಕಿಲ್ಲ. ಅದಕ್ಕೆ ಸಾಮಾನ್ಯವಾಗಿ ಕೊಡುವುದು ಹಯಲುರಾನಿಕ್ ಆಮ್ಲದ ಫಿಲ್ಲರ್, ಅಂದರೆ ಗುಳಿ ತುಂಬಲು ಚರ್ಮದಡಿ ಚುಚ್ಚುವ ಜೆಲ್. ಅಪರೂಪಕ್ಕೆ ಅದು ರಕ್ತನಾಳಕ್ಕೆ ಹೊಕ್ಕರೆ ದೃಷ್ಟಿಯೇ ಹೋಗಬಹುದೆಂದೂ, ಆದ್ದರಿಂದ ಅದನ್ನು ಕರಗಿಸುವ ಹಯಲುರಾನಿಡೇಸ್ ಕೈಯಳತೆಯಲ್ಲಿ ಇಟ್ಟುಕೊಳ್ಳದವರ ಬಳಿ ಹೋಗಲೇಬೇಡಿ ಎಂದೂ ನನ್ನ ಡಾಕ್ಟರು ಬಿಡಿಸಿ ಹೇಳಿ, ಫ್ರಿಜ್ಜಿನಿಂದ ಆ ಸಣ್ಣ ಸೀಸೆಯನ್ನು ತೆಗೆದು ತೋರಿಸಿದರು. ಅವರ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಆದರೂ ಅಮ್ಮನ ಗುಳಿ ಇರಲಿ ಎಂದು ಹೇಳಿ ಎದ್ದು ಬಂದೆ.