ಓಪನ್‌ಎಸ್‌ಎಸ್‌ಎಚ್ ಸರ್ವರ್: ಉಬುಂಟು 16.04ರಿಂದ ಇಲ್ಲೀತನಕ ಬಳಸಿ ಬರೀಲಿಕತ್ತೀನಿ

ದೂರದ ಮಷೀನಿಗೆ ನೆಟ್‌ವರ್ಕ್ ಮ್ಯಾಲಿಂದ ಸುರಕ್ಷಿತವಾಗಿ ಲಾಗಿನ್ ಆಗ್ಲಿಕ್ಕೆ ಬಿಡೋ ಸಾಫ್ಟ್‌ವೇರ್ ಇದು. ಐದಕ್ಕ ಐದು ಸ್ಟಾರ್. ಆದ್ರ ಕಾನ್ಫಿಗ್, ಅಂದ್ರ ಸೆಟ್ಟಿಂಗ್ ಫೈಲ್ ಒಳಗ ಒಂದು ಜಾಗಾ ಅದ, ಅಲ್ಲಿ ಎಂಥಾ ಅನುಭವ ಇದ್ದವ್ರೂ ಏಮಾರ್ತಾರ, ಅದನ್ನ ಹೇಳ್ಲಿಕ್ಕೇ ಇಷ್ಟುದ್ದ ಬರೀಲಿಕತ್ತೀನಿ.

ನಾನು ಪುಣೆದಾಗ ಭೋಸರಿ ಎಂಐಡಿಸಿ ಕಡೆ ಸಣ್ಣ ವರ್ಕ್‌ಶಾಪ್‌ಗಳ ಲಿನಕ್ಸ್ ಮಷೀನ್ ನೋಡ್ಕೋತೀನಿ, ಬಿಲ್ಲಿಂಗ್, ಡ್ರಾಯಿಂಗ್ ಫೈಲು, ಬ್ಯಾಕಪ್ಪು ಇಂಥಾವು. ಮನಿ ಸಿಂಹಗಡ ರೋಡಿಗೆ. ಮಳಿಗಾಲದಾಗ ಈ ತುದಿಯಿಂದ ಆ ತುದಿಗೆ ಗಾಡಿ ಮ್ಯಾಲ ಹೋಗಿಬರೋದಂದ್ರ ಅರ್ಧ ದಿನ ಹೋತು ಅಂತನ ತಿಳೀರಿ, ಹಿಂಗಾಗಿ ಇಂಡಿ ಕಡೆಯ ಮಾಲಕರು ಫೋನ್ ಹಚ್ಚಿ "ತಮ್ಮಾ, ಬಿಲ್ ಹೊಂಟಿಲ್ಲ ನೋಡೋ" ಅಂದ್ರ ಮನ್ಯಾಗ ಕೂತೇ ನೋಡ್ಲಿಕ್ಕೆ ಆಗೋದು ಇದರಿಂದನ.

ಚಾಲೂ ಮಾಡೋದು ಏನೂ ಕಷ್ಟಿಲ್ಲ. ಉಬುಂಟುದಾಗ ಓಪನ್‌ಎಸ್‌ಎಸ್‌ಎಚ್-ಸರ್ವರ್ ಪ್ಯಾಕೇಜ್ ಹಾಕಿದ್ರ ತಾನ ಶುರು ಆಗ್ತದ, ಫ್ರೀಬಿಎಸ್‌ಡಿ ಒಳಗ ಆರ್‌ಸಿ ಡಾಟ್ ಕಾನ್ಫ್‌ನಾಗ ಒಂದು ಸಾಲು, ಮ್ಯಾಕ್‌ನಾಗ ಶೇರಿಂಗ್ ಒಳಗ ರಿಮೋಟ್ ಲಾಗಿನ್ ಆನ್ ಮಾಡಿದ್ರ ಮುಗೀತು.

ಇದಕ್ಕಿಂತ ಮೊದಲ ಇದ್ದ ಆರ್‌ಎಸ್‌ಎಚ್, ಟೆಲ್ನೆಟ್ ಒಳಗ ಎಲ್ಲಾ ಬಿಚ್ಚಿಟ್ಟಂಗ ಹೋಗ್ತಿತ್ತು, ನೆಟ್‌ವರ್ಕ್ ನಡುವ ಕೂತವ್ರು ಪಾಸ್‌ವರ್ಡ್ ಓದಬಹುದಿತ್ತು. ಹೆಲ್ಸಿಂಕಿಯ ಯೂನಿವರ್ಸಿಟಿ ನೆಟ್‌ವರ್ಕ್‌ನಾಗ ಹಂಗ ಕಳುವು ಆದ ಮ್ಯಾಲನ 1995ರಾಗ ತಾತು ಇಲೋನೆನ್ ಎಸ್‌ಎಸ್‌ಎಚ್ ಬರದ್ರು, 1999ರಾಗ ಓಪನ್‌ಬಿಎಸ್‌ಡಿ ಮಂದಿ ಮುಕ್ತ ಆವೃತ್ತಿ ತಂದ್ರು. ಅವ್ರಿಗೆ ನಾನು ಮನಸಾರೆ ಋಣಿ.

ಈಗ ಅಸಲಿ ಮಾತು. ಕೀ (ಪಾಸ್‌ವರ್ಡ್ ಬದಲಿ ಗುರುತು ತೋರ್ಸೋ ಫೈಲ್ ಜೋಡಿ) ಹಾಕಿದ ಮ್ಯಾಲ ಪಾಸ್‌ವರ್ಡ್ ಬಾಗಲಾ ಮುಚ್ಚಲೇಬೇಕು, ಎಲ್ಲಾರೂ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಫೈಲಿನ ಕೆಳಗ ಪಾಸ್‌ವರ್ಡ್ ಅಥೆಂಟಿಕೇಶನ್ ನೋ ಅಂತ ಬರದು ರೀಲೋಡ್ ಮಾಡ್ತಾರ, ಎರರ್ ಬರೋದಿಲ್ಲ, ಆತು ಅಂತ ಬಿಟ್ಟುಬಿಡ್ತಾರ. ಆದ್ರ ಇದರಾಗ ಮೊದಲ ಓದಿದ್ದ ಗೆಲ್ತದ, ಆಮ್ಯಾಲ ಬಂದದ್ದಲ್ಲ! ಉಬುಂಟುದಾಗ ಆ ಫೈಲಿನ ತಲಿ ಮ್ಯಾಲನ ಇನ್‌ಕ್ಲೂಡ್ ಸಾಲು ಇರ್ತದ, ಅಂದ್ರ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಡಾಟ್ ಡಿ ಫೋಲ್ಡರಿನ ಫೈಲು ಮೊದಲ ಓದು ಅಂತ, ಬಾಡಿಗಿ ಸರ್ವರ್ ಆದ್ರ ಆ ಫೋಲ್ಡರ್ ಒಳಗ 50-ಕ್ಲೌಡ್-ಇನಿಟ್ ಅನ್ನೋ ಫೈಲು ಯೆಸ್ ಅಂತ ಮೊದಲ ಹೇಳಿಟ್ಟಿರಬಹುದು. ಆವಾಗ ನೀವು ಬರದ ನೋ ಯಾರೂ ಕೇಳೋದಿಲ್ಲ. ಅದಕ್ಕ ನಾ ಮುಖ್ಯ ಫೈಲ್ ಮುಟ್ಟೋದೇ ಇಲ್ಲ, 50ಕ್ಕಿಂತ ಮೊದಲ ಓದ್ಲಿ ಅಂತ 10ರಿಂದ ಶುರು ಆಗೋ ಹೆಸರಿನ ನನ್ನದೊಂದು ಫೈಲ್ ಆ ಫೋಲ್ಡರ್‌ದಾಗ ಇಡ್ತೀನಿ, ಆಮ್ಯಾಲ ಸುಡೊ ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ಟಿ ಕೊಟ್ಟು ಓಡಿಸ್ತೀನಿ, ಖರೇ ಯಾವ ಸೆಟ್ಟಿಂಗ್ ಲಾಗೂ ಆಗ್ತದ ಅಂತ ಪೂರಾ ಪಟ್ಟಿ ಬರ್ತದ. ಸಣ್ಣಕ್ಷರದ ಟಿ ಬರೇ ಫೈಲ್ ಸರಿ ಅದ ಇಲ್ಲ ಅಷ್ಟ ನೋಡ್ತದ, ಅದನ್ನ ನಂಬ್ಕೊಂಡು ಕೂಡಬ್ಯಾಡ್ರಿ. ಮತ್ತ ಹಳೇ ಸೆಶನ್ ಬಂದ್ ಮಾಡ್ದ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡ್ರಿ.

ಎಸ್‌ಎಸ್‌ಎಚ್ ಕಾಯೋ ಬಾಗಲಾ ನಂಬರ್, ಅಂದ್ರ ಪೋರ್ಟ್ 22 ಬದಲಿ ಮಾಡೋರಿಗೂ ಒಂದು ಮಾತು: ಉಬುಂಟು 22.10ರಿಂದ ಸಾಕೆಟ್ ಮ್ಯಾಲ ನಡೀತದ, ಅಂದ್ರ ಪೋರ್ಟ್ ಕಾಯೋದು ಸಿಸ್ಟಮ್‌ಡಿ (ಲಿನಕ್ಸ್‌ನಾಗ ಸರ್ವಿಸ್ ನಡೆಸೋ ಪ್ರೋಗ್ರಾಂ), 24.04ರಾಗ ಪೋರ್ಟ್ ಬದಲಿಸಿದ ಮ್ಯಾಲ ಡೀಮನ್-ರೀಲೋಡ್ ಕೊಟ್ಟು ಎಸ್‌ಎಸ್‌ಎಚ್ ಡಾಟ್ ಸಾಕೆಟ್ ರೀಸ್ಟಾರ್ಟ್ ಮಾಡ್ಬೇಕು.

ನನ್ನ ತಕರಾರು ಒಂದೇ. ಕೀ ಒಪ್ಪದಿದ್ರ ಈ ಕಡೆ ಬರೇ ಪರ್ಮಿಶನ್ ಡಿನೈಡ್ ಅಂತದ, ಯಾಕ ಅಂತ ಹೇಳೋದಿಲ್ಲ. ಹೋಮ್ ಫೋಲ್ಡರ್‌ಗೆ ಬ್ಯಾರೆಯವ್ರಿಗೂ ಬರಿಯೋ ಹಕ್ಕು ಇದ್ರ ಸರ್ವರ್ ಆ ಕೀ ನಂಬೋದಿಲ್ಲ, ಕಾರಣ ಸರ್ವರ್ ಲಾಗ್‌ನಾಗ ಮಾತ್ರ ಸಿಗ್ತದ. ಸೇಫ್ಟಿಗೆ ಹಂಗ ಇಟ್ಟಾರ, ಗೊತ್ತು, ಆದ್ರೂ ಹೊಸಬರಿಗೆ ಭಾಳ ತ್ರಾಸು.

ಭರೋಸಾ ಬಂದದ್ದು ಡಿಫಾಲ್ಟ್‌ಗಳಿಂದ, ವರ್ಷಾ ವರ್ಷಾ ಬಿಗಿ ಮಾಡ್ಕೋತ ಬಂದಾರ. 2015ರ 7.0ದಾಗ ರೂಟ್‌ಗೆ (ಎಲ್ಲಾ ಹಕ್ಕು ಇರೋ ಯೂಸರ್) ಪಾಸ್‌ವರ್ಡ್ ಲಾಗಿನ್ ನಿಂತಿತು, 2021ರ 8.8ದಾಗ ದುರ್ಬಲ ಅನಿಸಿದ ಶಾ-1 ಲೆಕ್ಕದ ಸಹಿ ಇರೋ ಹಳೇ ಆರ್‌ಎಸ್‌ಎ ಕೀ ಪದ್ಧತಿ ಬಂದ್ ಆತು. ಜುಲೈ 2024ರಾಗ ರೆಗ್ರೆಎಸ್‌ಎಸ್‌ಎಚ್ ಅನ್ನೋ ದೊಡ್ಡ ತೂತು ಬೈಲಿಗೆ ಬಂತು, ಮುಚ್ಚಿಡಲಿಲ್ಲ, 9.8 ಬಿಟ್ರು, ಉಬುಂಟು ಅಪ್‌ಡೇಟೂ ಅವತ್ತೇ ಬಂತು.

ಬ್ರಾಡ್‌ಬ್ಯಾಂಡ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲದ ವರ್ಕ್‌ಶಾಪ್‌ಗಳಿಗೆ ಒಳಗಿನ ಮಷೀನಿಂದನ ಹೊರಗಿನ ಸರ್ವರ್‌ಗೆ ಮೈನಸ್ ದೊಡ್ಡಕ್ಷರದ ಆರ್ ಹಚ್ಚಿ ಉಲ್ಟಾ ಟನೆಲ್ ಹಾಕೀನಿ, ಸರ್ವರ್ ಅಲೈವ್ ಇಂಟರ್ವಲ್ 30 ಇಟ್ಟು (30 ಸೆಕೆಂಡ್ ಸುಮ್ಮನಿದ್ರ ಲೈನ್ ಅದ ಏನು ಅಂತ ಕೇಳ್ತದ), ಸಿಸ್ಟಮ್‌ಡಿ ಸರ್ವಿಸ್ ಮಾಡಿ. ಕರೆಂಟ್ ಹೋಗಿ ಬಂದ್ರೂ ತಾನ ಮತ್ತ ಕೂಡ್ಕೋತದ.