ತೋಟದ ಹಳೇ ಬಂಗಲೆ: ಮನೆಗೆ ಒಳ್ಳೇ ಮಾರ್ಕ್ಸ್, ಕಾಫಿಗೆ ಸೊನ್ನೆ

ಬೇಲೂರು ದಾಟಿ ಮೂಡಿಗೆರೆ ಕಡೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ತೋಟದ ಮಣ್ಣುರಸ್ತೆ ಹಿಡಿದರೆ ಈ ಬಂಗಲೆ ಸಿಗುತ್ತದೆ. ಹೆಸರು ಹಾಕುತ್ತಿಲ್ಲ. ಹೊಗಳೋದೂ ಇದೆ, ಬೈಯೋದೂ ಇದೆ, ಮತ್ತೆ ಬೈದಿದ್ದರಲ್ಲಿ ಅರ್ಧ ಈ ಭಾಗದ ಎಷ್ಟೋ ಹಳೇ ಮನೆ ಹೋಮ್‌ಸ್ಟೇಗಳಿಗೂ ಹೊಂದುತ್ತದೆ. ನೇರವಾಗಿ ಹೇಳಿಬಿಡುತ್ತೇನೆ. ಮನೆ ಬಹಳ ಚೆನ್ನಾಗಿದೆ. ಊಟ ಇನ್ನೂ ಚೆನ್ನಾಗಿದೆ. ಕಾಫಿ ಬಾಯಿಗಿಡೋ ಹಾಗಿಲ್ಲ. ಸುತ್ತ ಎತ್ತ ನೋಡಿದರೂ ಕಾಫಿ ಗಿಡ, ಅಂಥ ಜಾಗದಲ್ಲಿ ಕೂತು ಈ ಮಾತು ಬರೆಯಬೇಕಾಗಿದೆ!

ಹಾಸನದಲ್ಲಿ ಮನೆ ಕಟ್ಟಿಸೋ ಕೆಲಸ ನನ್ನದು. ಎಲ್ಲೇ ಹೋದರೂ ಮೊದಲು ಕತ್ತೆತ್ತಿ ಮಾಡು ನೋಡುವುದು ಅಭ್ಯಾಸ, ಹೆಂಡತಿ ಇದಕ್ಕೆ ಬೈದು ಬೈದು ಬಿಟ್ಟಿದ್ದಾಳೆ. ಹಾಗಾಗಿ ಮೊದಲು ಮನೆ ವಿಷಯವೇ.

ಬುಕಿಂಗ್ ಮಾಡುವಾಗ "1865ರ ಬ್ರಿಟಿಷ್ ಬಂಗಲೆ" ಅಂತ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಈ ಇಸವಿ ಎಲ್ಲಿಂದ ಬಂತು ಅಂತ ಮ್ಯಾನೇಜರ್ ಹುಡುಗನನ್ನು ಕೇಳಿದೆ. ಅವನು ಖುಷಿಯಿಂದ ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ ರಿಪೇರಿಗೆ ಅಂತ ಹಳೇ ಹೆಂಚು ಜೋಡಿಸಿಟ್ಟಿದ್ದರು. ಒಂದನ್ನು ತಿರುಗಿಸಿ, ಬೆರಳಲ್ಲಿ ಪಾಚಿ ಒರೆಸಿದ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಕೆಳಗೆ 1865. ಉಬ್ಬು ಅಕ್ಷರ, ಇವತ್ತಿಗೂ ಕೈಗೆ ಸಿಗುವ ಹಾಗಿದೆ. "ನೋಡಿ ಸಾರ್, ಪ್ರೂಫ್" ಅಂದ.

ಅದು ಕಾರ್ಖಾನೆಯ ಇಸವಿ ಕಣಪ್ಪ, ಮನೆಯದಲ್ಲ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹೆಂಚು ಮಾಡಲು ಶುರು ಮಾಡಿದರು. ಆಮೇಲೆ ಎಷ್ಟೋ ವರ್ಷ ಅದೇ ಇಸವಿ ಒತ್ತಿದ ಹೆಂಚು ಘಟ್ಟ ಹತ್ತಿ ಬಂದಿದೆ. ಇನ್ನು ಜಗಲಿಯ ಕೆಂಪು ನೆಲ ರೆಡ್ ಆಕ್ಸೈಡು, ಅದಕ್ಕೆ ಸಿಮೆಂಟ್ ಬೇಕು. 1865ರಲ್ಲಿ ಈ ಕಾಡಿನೊಳಗೆ ಸಿಮೆಂಟ್ ತಂದು ನೆಲ ತೀಡಿಸಿದರು ಅಂದರೆ ನಾನಂತೂ ನಂಬಲ್ಲ. ನೂರು ವರ್ಷದ ಮನೆ ಅಂತ ಹಾಕಿದರೂ ಜನ ಬರುತ್ತಾರೆ, ಸುಮ್ನೆ ಹೆಂಚಿನ ಇಸವಿ ಮನೆಗೆ ಅಂಟಿಸೋದು ಯಾಕೆ?

ಇಸವಿ ಪಕ್ಕಕ್ಕಿಡಿ, ಕೆಲಸ ನೋಡಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಧ್ಯಾಹ್ನ ಹೊರಗೆ ಬಿಸಿಲು ಚುರ್ ಅಂದರೂ ಒಳಗೆ ಫ್ಯಾನ್ ಬೇಡ. ತೊಲೆಗಳಿಗೆ ಎಲ್ಲೂ ಗೆದ್ದಲು ಹತ್ತಿಲ್ಲ. ನಡುಮನೆಯಲ್ಲಿ ಎರಡು ಗಾಜಿನ ಹೆಂಚು ಕೂರಿಸಿದ್ದಾರೆ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಅದರಿಂದ ಬೆಳಕು ಸೀದಾ ಊಟದ ಮೇಜಿನ ಮೇಲೆ ಬೀಳುತ್ತದೆ. ಮಾಡು ಸಾಕಷ್ಟು ಇಳಿಜಾರು, ಸೂರು ಗೋಡೆಯಿಂದ ಇಷ್ಟುದ್ದ ಹೊರಗೆ ಚಾಚಿದೆ. ಈ ಕಡೆಯ ಮಳೆಗಾಲ ನೋಡಿದವರಿಗೆ ಅದು ಯಾಕೆ ಅಂತ ಹೇಳಬೇಕಾಗಿಲ್ಲ: ಗೋಡೆ ಮಣ್ಣಿನದು, ಇರಚಲು ಹೊಡೆದರೆ ಕರಗುತ್ತದೆ. ಆ ಕಾಲದ ಮೇಸ್ತ್ರಿಗೆ ತಿಳಿದಿದ್ದ ಈ ವಿಷಯ ಆಮೇಲೆ ಬಂದವರಿಗೆ ತಿಳಿದ ಹಾಗಿಲ್ಲ, ಯಾಕಂದರೆ ಹಿಂದಿನ ಎರಡು ರೂಮಿಗೆ ಅಟ್ಯಾಚ್ಡ್ ಬಾತ್‌ರೂಮ್ ಬೇಕು ಅಂತ ಹಳೇ ಗೋಡೆಗೆ ಅಂಟಿಸಿ ಆರ್‌ಸಿಸಿ ಡಬ್ಬ ಒಂದು ಕಟ್ಟಿದ್ದಾರೆ, ಹಳೇ ಮಾಡಿನ ನೀರೆಲ್ಲ ಆ ತಾರಸಿ ಮೇಲೇ ಬೀಳುತ್ತದೆ, ತರಗೆಲೆ ಕಟ್ಟಿಕೊಂಡರೆ ನೀರು ನಿಂತು ಗೋಡೆಗೆ ಇಳಿಯುತ್ತದೆ. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ, ಆಗಲೂ ಹಾಸಿಗೆ ಹಿಂದಿನ ಗೋಡೆಯಲ್ಲಿ ಬೂಷ್ಟಿನ ವಾಸನೆ. ಮುಂದಿನ ರೂಮು ಕೇಳಿ ತಗೊಳ್ಳಿ. ಹಿಂದಿನದಕ್ಕೂ ಅದೇ ರೇಟು, ಅದು ಅನ್ಯಾಯ.

ಮುಂದಿನ ರೂಮಿನವರಿಗೆ ಅಟ್ಯಾಚ್ಡ್ ಇಲ್ಲ, ಹಳೇ ಬಚ್ಚಲುಮನೆಗೆ ಅಂಗಳ ದಾಟಿ ಹೋಗಬೇಕು. ಹೆಂಡತಿ ಮೊದಲು ಮುಖ ಸಿಂಡರಿಸಿದಳು. ಅಮ್ಮನಿಗೆ ಮಾತ್ರ ಸ್ವರ್ಗ. ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಕಾಫಿ ಗಿಡದ ಸೌದೆ ಉರಿ, ಕಲ್ಲು ಚಪ್ಪಡಿಯ ಮೇಲೆ ಮಣೆ. ಹೊಗೆ ವಾಸನೆಯ ಬಿಸಿನೀರು ತಲೆಮೇಲೆ ಹೊಯ್ದುಕೊಂಡು ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದರು. ಬಂದವರೇ, "ಇದಕ್ಕೆ ದುಡ್ಡು ಕೊಟ್ಟು ಬರಬೇಕಿತ್ತೇನೋ? ನಮ್ಮಪ್ಪನ ಮನೆ ಬಚ್ಚಲು ನೀನೇ ಕೆಡವಿಸಿದೆಯಲ್ಲ" ಅಂತ ನನಗೇ ಒಂದು ಕೊಟ್ಟರು.

ಈಗ ಕಾಫಿಗೆ ಬರೋಣ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಬೆಳಗ್ಗೆ ನಮ್ಮನ್ನು ಸುತ್ತಿಸಿದರು, ಈ ಒಂದು ಗಂಟೆ ಇಡೀ ವಾಸ್ತವ್ಯದಲ್ಲೇ ಬೆಸ್ಟ್. ಮನುಷ್ಯ ಬಾಯಿಪಾಠ ಒಪ್ಪಿಸುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಸಿಲ್ವರ್ ಓಕ್ ಯಾಕೆ, ಮೆಣಸಿನ ಬಳ್ಳಿ ಹಬ್ಬಿಸೋಕೆ. ಹಳೇ ಗಿಡ ಯಾವುದು, ಎಸ್‌.795, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ. ಅರೇಬಿಕಾ ಗಿಡ ಯಾಕೆ ಕಡಿಮೆ ಆಗುತ್ತಿದೆ ಅಂದಿದ್ದಕ್ಕೆ ಒಂದು ಒಣಗಿದ ಕಾಂಡ ಸೀಳಿ ತೋರಿಸಿದರು. ಒಳಗೆಲ್ಲ ಸುರಂಗ, ಹುಡಿ ತುಂಬಿದೆ. ಬಿಳಿ ಕಾಂಡಕೊರಕದ ಕೆಲಸ. ಗಿಡ ಕಿತ್ತು ಸುಡದೆ ಬೇರೆ ದಾರಿ ಇಲ್ಲವಂತೆ.

ಪಲ್ಪರ್ ಮನೆಯ ಹತ್ತಿರ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಮಗಳು ಮೂಗು ಮುಚ್ಚಿಕೊಂಡೇ ಎಲ್ಲ ನೋಡಿದಳು. ಕೆಂಪು ಹಣ್ಣಿನ ಸಿಪ್ಪೆ ಯಂತ್ರದಲ್ಲಿ ಹೋಗುತ್ತದೆ, ಬೀಜಕ್ಕೆ ಅಂಟಿದ ಲೋಳೆ ತೊಟ್ಟಿಯಲ್ಲಿ ಹುಳಿ ಬಂದು ಬಿಡುತ್ತದೆ, ತೊಳೆದು ಕಣದಲ್ಲಿ ಹರಡಿದರೆ ಒಣಗಿ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಸಮೇತದ ಒಣ ಬೀಜ, ಆಗುತ್ತದೆ. ಒಂದು ಕಿಲೋ ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಆ ಹೊತ್ತಲ್ಲಿ ಮೋಡ ಕಂಡರೆ ಸಾಕು, ಇಡೀ ತೋಟಕ್ಕೇ ಗಾಬರಿ.

ಇಷ್ಟೆಲ್ಲ ನೋಡಿ ಬಾಯಲ್ಲಿ ನೀರೂರಿ ರೂಮಿಗೆ ಬಂದರೆ ಅಲ್ಲಿ ಕಾದಿದ್ದು ಕೆಟಲ್, ಅದರ ಪಕ್ಕ ಇನ್‌ಸ್ಟಂಟ್ ಕಾಫಿಪುಡಿಯ ಸಣ್ಣ ಪೊಟ್ಟಣ, ಹಾಲಿನ ಪುಡಿ. ಬೆಳಗ್ಗೆ ತಿಂಡಿ ಜೊತೆ ಕೊಟ್ಟಿದ್ದು ಫ್ಲಾಸ್ಕಿನದು, ಯಾವಾಗ ಮಾಡಿಟ್ಟರೋ, ಚಿಕೋರಿ ಬಿಟ್ಟು ಬೇರೆ ರುಚಿ ಇಲ್ಲ. ಕೇಳಿದರೆ ಉತ್ತರ ರೆಡಿ ಇದೆ, ಸುಳ್ಳೂ ಅಲ್ಲ: ತೋಟದಲ್ಲಿ ಪುಡಿ ತಯಾರಾಗುವುದಿಲ್ಲ. ಪಾರ್ಚ್‌ಮೆಂಟು ಮೂಟೆ ಕಟ್ಟಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ, ಅಲ್ಲಿ ಹೊಟ್ಟು ತೆಗೆದು ಗ್ರೇಡ್ ಮಾಡುತ್ತಾರೆ, ಆಮೇಲೆ ಅದರ ದಾರಿ ಅದಕ್ಕೆ. ಎಷ್ಟೋ ಬೆಳೆಗಾರರ ಮನೆಗೂ ಪುಡಿ ಬರುವುದು ಪೇಟೆ ಅಂಗಡಿಯಿಂದಲೇ.

ಎಲ್ಲ ಸರಿ. ಆದರೆ ಬೇರೆಯವರು ಹೇಗೆ ಮಾಡುತ್ತಾರೆ ನೋಡಿ. ನಂದಿ ಬೆಟ್ಟದ ಕಡೆ ದ್ರಾಕ್ಷಿ ತೋಟಕ್ಕೆ ಟೂರ್ ಹೋದರೆ, ಸುತ್ತಿಸಿದ ಮೇಲೆ ಅಲ್ಲೇ ಮಾಡಿದ ವೈನ್ ರುಚಿ ತೋರಿಸದೆ ಕಳಿಸುವುದಿಲ್ಲ. ಅದಕ್ಕೇ ಅಲ್ವಾ ಜನ ಹೋಗೋದು? ಚಿಕ್ಕಮಗಳೂರು ಅರೇಬಿಕಾಗೆ, ಬಾಬಾಬುಡನ್‌ಗಿರಿ ಅರೇಬಿಕಾಗೆ 2019ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಇಂಥ ಜಾಗದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು, ಬಂದಿದೆ. ಯೆಮೆನ್‌ನಿಂದ ಏಳು ಬೀಜ ತಂದ ಬಾಬಾ ಬುಡನ್ ಕಥೆಯನ್ನು ಈ ಬಂಗಲೆಯವರು ಗೋಡೆ ಮೇಲೆ ಫ್ರೇಮ್ ಹಾಕಿಸಿ ತೂಗುಹಾಕಿದ್ದಾರೆ. ಆ ಫ್ರೇಮ್ ಕೆಳಗೇ ಇನ್‌ಸ್ಟಂಟ್ ಪೊಟ್ಟಣ! ವರ್ಷಕ್ಕೆ ಒಂದೇ ಮೂಟೆ ಬೇರೆ ಇಟ್ಟು, ಹೊಟ್ಟು ತೆಗೆಸಿ, ಪೇಟೆಯಲ್ಲಿ ಹುರಿಸಿ ಪುಡಿ ಮಾಡಿಸಿದರೆ ಬಂದವರಿಗೆಲ್ಲ ಸಾಕಾಗುತ್ತದೆ. ರೂಮಿಗೊಂದು ಸ್ಟೀಲ್ ಫಿಲ್ಟರ್ ಇಟ್ಟರೆ ಮುಗೀತು. ಹೊರಡುವಾಗ ಕಾಲು ಕಿಲೋ ಪ್ಯಾಕೆಟ್ ಇಟ್ಟರೆ ನಾನೇ ಎರಡು ತಗೊಳ್ಳುತ್ತಿದ್ದೆ.

ಊಟದ ವಿಷಯದಲ್ಲಿ ಒಂದು ಮಾತೂ ಕೆಟ್ಟದು ಹೇಳಲಾರೆ. ಅಡುಗೆ ಮಾಡುವ ಅಕ್ಕ ಪಕ್ಕದ ಊರಿನವರು. ಅಕ್ಕಿಹಿಟ್ಟನ್ನು ಕುದಿಯುವ ನೀರಲ್ಲಿ ಉಕ್ಕರಿಸಿ, ಬಿಸಿ ಇರುವಾಗಲೇ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಕಡೆ ಒಂದಿಷ್ಟು ಬೇಯಿಸಿ ಕೆಂಡದ ಮೇಲೆ ಬಿಡುತ್ತಾರೆ. ಪುಸ್ ಅಂತ ಉಬ್ಬುತ್ತದೆ. ಅದರ ಜೊತೆ ಎಣ್ಣೆಗಾಯಿ, ಅವರೆಕಾಳು ಸಾರು. ಸೊಗಡಿನ ಕಾಲ, ಅವರೆಕಾಯಿಯ ಘಮ ಜಗಲಿವರೆಗೂ ಬರುತ್ತಿತ್ತು. ರಾತ್ರಿ ಕಡುಬು, ನಾಟಿಕೋಳಿ ಸಾರು. "ಇನ್ನೊಂದು ಹಾಕ್ಸ್ಕೊಳ್ಳಿ ಅಮ್ಮಾವ್ರೆ, ನಮ್ ಕಡೆ ಕಡುಬು ಎಣಿಸಲ್ಲ" ಅಂತ ಅಮ್ಮನಿಗೆ ಬಡಿಸಿದ್ದೇ ಬಡಿಸಿದ್ದು. ತಲೆಗೆ 3,000 ತಗೊಳ್ಳುತ್ತಾರೆ, ಊಟ ತಿಂಡಿ ಎಲ್ಲ ಸೇರಿ. ಈ ಊಟಕ್ಕೆ, ಮುಂದಿನ ರೂಮಿಗೆ, ವಾರದ ದಿನಗಳಲ್ಲಿ, ಅದು ಸರಿಯಾದ ರೇಟು.

ಶನಿವಾರ ಬಂದರೆ ಕಥೆ ಬೇರೆ. ಎರಡು ಕಾರಲ್ಲಿ ಹುಡುಗರ ಗುಂಪು ಬಂತು. ಗಾಡಿ ತಂದು ನಿಲ್ಲಿಸಿದ್ದು ಎಲ್ಲಿ? ಕಣದ ಅಂಚಲ್ಲಿ, ಒಣಗಲು ಹಾಕಿದ ಬೀಜದ ಮೇಲೆ ಒಂದು ಚಕ್ರ. ರೈಟರು ಬಂದು ಕೈಮುಗಿದು ತೆಗೆಸಿದರು. ಹುಡುಗರನ್ನೇ ಬೈದು ಏನು ಪ್ರಯೋಜನ, ಪಾರ್ಕಿಂಗ್ ಎಲ್ಲಿ ಅಂತ ಒಂದು ಬೋರ್ಡ್ ಇಲ್ಲ, ಹೇಳುವವರೂ ಇಲ್ಲ. ರಾತ್ರಿ ಕ್ಯಾಂಪ್‌ಫೈರ್, ಸ್ಪೀಕರ್, ಹನ್ನೊಂದೂವರೆ ತನಕ ಕುಣಿತ. ಅಟ್ಟದ ಹಲಗೆ ಕೂಡ ಅದುರುತ್ತಿತ್ತು. ಮ್ಯಾನೇಜರ್‌ಗೆ ಹೇಳಿದರೆ "ವೀಕೆಂಡ್ ಅಲ್ವಾ ಸಾರ್" ಅಂತಾನೆ. ವೀಕೆಂಡಿಗೆ ನಾವೂ ಅಷ್ಟೇ ದುಡ್ಡು ಕೊಟ್ಟಿದ್ದೀವಿ ಅಲ್ವಾ? ಸುತ್ತಲೂ ತೋಟದ ಆಳುಗಳ ಲೈನ್ ಮನೆಗಳಲ್ಲಿ ಬೆಳಗ್ಗೆ ಬೇಗ ಎದ್ದು ಹಣ್ಣು ಕೊಯ್ಯಲು ಹೋಗುವವರು ಮಲಗಿರುತ್ತಾರೆ, ಅವರ ಬಗ್ಗೆಯಾದರೂ ಯೋಚನೆ ಬೇಡವಾ.

ಆನೆ ವಿಷಯ ಮಾತ್ರ ಇವರು ಗಂಭೀರವಾಗಿ ತಗೊಂಡಿದ್ದಾರೆ, ಅದಕ್ಕೆ ಮೆಚ್ಚಬೇಕು. ಈ ಬೆಲ್ಟಿನಲ್ಲಿ ಕಾಡಾನೆ ತೋಟದೊಳಗೇ ಓಡಾಡುತ್ತವೆ. ಗುಂಪು ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬಂದ ಕೂಡಲೇ ಬಂದು ಹೇಳುತ್ತಾರೆ, ಕತ್ತಲಾದ ಮೇಲೆ ಗೇಟಿನ ಆಚೆ ಬಿಡುವುದಿಲ್ಲ. ದಯವಿಟ್ಟು ವಾದ ಮಾಡಬೇಡಿ, ಹಗಲು ಹೊತ್ತಲ್ಲೇ ಬಂದು ತಲುಪಿ.

ಹೊರಗಿನಿಂದ ಬರುವವರಿಗೆ: ಬೇಲೂರು, ಹಳೇಬೀಡು ಎರಡೂ ಇಲ್ಲಿಂದ ಸುಲಭ, ಬೆಳಗ್ಗೆ ಬೇಗ ಹೋದರೆ ಜನ ಕಡಿಮೆ. ಮುಳ್ಳಯ್ಯನಗಿರಿಯನ್ನೂ ಇದರಲ್ಲೇ ಸೇರಿಸಬೇಡಿ, ಅದು ಚಿಕ್ಕಮಗಳೂರಿನ ಆಚೆ, ಹೋಗಿ ಬರೋದರಲ್ಲೇ ದಿನ ಕಳೆಯುತ್ತದೆ. ಮಳೆಗಾಲದಲ್ಲಿ ಬಂದರೆ ಇಂಬಳಕ್ಕೆ ಉಪ್ಪೋ ಸುಣ್ಣವೋ ಜೊತೆಗಿರಲಿ, ಮತ್ತೆ ಹಿಂದಿನ ರೂಮು ಬಿಟ್ಟಿ ಕೊಟ್ಟರೂ ಬೇಡ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಹೂವು ಇರೋದು ಮೂರ್ನಾಲ್ಕು ದಿನ ಅಷ್ಟೇ. ಆಗ ಬರಬೇಕು ಅಂದರೆ ರೈಟರಿಗೆ ಫೋನ್ ಮಾಡಿ ಕೇಳಿ, ಬುಕಿಂಗ್ ಆಫೀಸಿನವರು ಯಾವಾಗ ಕೇಳಿದರೂ "ಹೂವಿದೆ ಸಾರ್" ಅನ್ನುತ್ತಾರೆ. ಮೊಬೈಲ್ ಸಿಗ್ನಲ್ ಗೇಟಿನ ಹತ್ತಿರ ಬಿಟ್ಟರೆ ಬೇರೆಲ್ಲೂ ಇಲ್ಲ, ಬಿಲ್ ಕೊಡಲು ಕ್ಯಾಶ್ ಇಟ್ಟುಕೊಳ್ಳಿ. ಕಾಫಿಪುಡಿ ಮತ್ತೆ ಫಿಲ್ಟರ್ ಮನೆಯಿಂದಲೇ ತಗೊಂಡು ಹೋಗಿ, ಹಾಲು ಕೇಳಿದರೆ ಅಕ್ಕ ಕಾಯಿಸಿ ಕೊಡುತ್ತಾರೆ.